ಕ್ಷಮೆ ಎಂದರೆ ತೀರದ ಸಾಲದ ಮನ್ನಾ

ಲೋಕಲ್ ರೈಲಿನಲ್ಲಿ ಕಾಲು ತುಳಿದವರು 'ಸಾರಿ' ಎನ್ನುತ್ತಾರೆ. ತುಳಿಸಿಕೊಂಡವರು 'ಇರಲಿ ಬಿಡಿ' ಎನ್ನುತ್ತಾರೆ. ಸಿಗ್ನಲ್‌ನಲ್ಲಿ ರಿಕ್ಷಾದೊಳಗೆ ಕೈಚಾಚಿದ ಭಿಕ್ಷುಕನಿಗೆ 'ಮಾಫ್ ಕರೋ' ಎಂದು ಹೇಳಿ ಮುಖ ತಿರುಗಿಸುವುದು ಮುಂಬಯಿಯಲ್ಲಿ ದಿನನಿತ್ಯದ ಮಾತು. ದಿನಕ್ಕೆ ಹತ್ತು ಬಾರಿ ಬಾಯಲ್ಲಿ ಬರುವ ಈ ಕ್ಷಮೆಗೆ ಖರ್ಚೇನೂ ಇಲ್ಲ. ಆದರೆ ಒಡಹುಟ್ಟಿದವಳನ್ನು ಇರಿದು ಕೊಂದವನ ಎದುರು ನಿಂತು ಕ್ಷಮಿಸಿದೆ ಎನ್ನುವುದು ಅಷ್ಟು ಸುಲಭವೇ? ಹಾಗೆ ಕ್ಷಮಿಸಲ್ಪಟ್ಟವನು ಮತ್ತೆ ತಲೆಯೆತ್ತಿ ದೇವರ ಮುಂದೆ ನಿಲ್ಲಬಲ್ಲನೇ? ಕ್ರೈಸ್ತ ಧರ್ಮದ ನಡುಮಧ್ಯದಲ್ಲಿರುವ ಪ್ರಶ್ನೆಗಳಿವು. ಇವುಗಳಿಗೆ ಉತ್ತರ ಹುಡುಕಲು ರೋಮಿಗೋ ಜೆರುಸಲೇಮಿಗೋ ಹೋಗಬೇಕಾಗಿಲ್ಲ. ನಮ್ಮ ದೇಶದಲ್ಲೇ, ಮಧ್ಯಪ್ರದೇಶದ ಇಂದೋರಿನ ಸಮೀಪ, ಅಂಥದೊಂದು ಘಟನೆ ನಡೆದಿದೆ.

ಉದಯನಗರದ ಬಸ್ಸಿನಲ್ಲಿ

ಭಗಿನಿ ರಾಣಿ ಮರಿಯಾ ಅವರು ಹುಟ್ಟಿದ್ದು ಕೇರಳದ ಪುಲ್ಲುವಳಿ ಎಂಬ ಊರಿನಲ್ಲಿ, 1954ರ ಜನವರಿ 29ರಂದು. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಂಸ್ಥೆಯ ಕನ್ಯಾಸ್ತ್ರೀಯಾಗಿ ಉತ್ತರ ಭಾರತಕ್ಕೆ ಬಂದ ಅವರು ಕೊನೆಯ ವರ್ಷಗಳಲ್ಲಿ ಇಂದೋರ್ ಕಡೆಯ ಉದಯನಗರದಲ್ಲಿ ನೆಲೆಸಿದ್ದರು. ಅಲ್ಲಿನ ಆದಿವಾಸಿಗಳು ಬಡ್ಡಿ ವ್ಯಾಪಾರಿಗಳ ಕೈಯಲ್ಲಿ ಸಿಕ್ಕಿ ನಲುಗುತ್ತಿದ್ದರು. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯಬೇಕು, ಮಗನ ಸಾಲಕ್ಕೆ ಮೊಮ್ಮಗ ದುಡಿಯಬೇಕು. ರಾಣಿ ಮರಿಯಾ ಅವರು ಹಳ್ಳಿ ಹಳ್ಳಿ ತಿರುಗಿ ಜನರನ್ನು ಗುಂಪು ಕಟ್ಟಿಸಿದರು. ಉಳಿತಾಯ ಮಾಡುವುದನ್ನು ಕಲಿಸಿದರು. ಸರಕಾರದ ಯೋಜನೆಗಳಿಂದ ತಮಗೆ ಏನು ಸಿಗಬೇಕು ಎಂಬುದನ್ನು ತಿಳಿಸಿಕೊಟ್ಟರು. ಲೇವಾದೇವಿಯವರ ಬಾಗಿಲಿಗೆ ಹೋಗುವವರ ಸಂಖ್ಯೆ ಕಡಿಮೆಯಾಗತೊಡಗಿತು. ಬಡ್ಡಿಯಿಂದ ಬದುಕುತ್ತಿದ್ದವರಿಗೆ ಇದು ಸಹಿಸಲಾಗದ ನಷ್ಟ.

1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟ ಬಸ್ಸಿನಲ್ಲಿ ರಾಣಿ ಮರಿಯಾ ಕುಳಿತಿದ್ದರು. ಅದೇ ಬಸ್ಸಿನಲ್ಲಿದ್ದ ಸಮಂದರ್ ಸಿಂಗ್ ಎಂಬ ಯುವಕ ದಾರಿಯಲ್ಲಿ ಚೂರಿ ತೆಗೆದು ಅವರನ್ನು ಇರಿದ. ಒಂದಲ್ಲ ಎರಡಲ್ಲ, ಅವರ ದೇಹದ ಮೇಲೆ 54 ಗಾಯಗಳಿದ್ದವು. ಬಸ್ಸಿನಲ್ಲಿದ್ದ ಯಾರೂ ತಡೆಯುವ ಧೈರ್ಯ ಮಾಡಲಿಲ್ಲ. ರಾಣಿ ಮರಿಯಾ ಅವರಿಗೆ ಆಗ 41 ವರ್ಷ. ಕೊಂದವನಿಗೆ ಅವರ ಮೇಲೆ ಸ್ವಂತ ದ್ವೇಷವೇನೂ ಇರಲಿಲ್ಲ. ಬೇರೆಯವರ ಮಾತು ಕೇಳಿ ಆತ ಚೂರಿ ಹಿಡಿದಿದ್ದ. ನ್ಯಾಯಾಲಯ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಜೈಲಿನಲ್ಲಿ ಆತನ ಮನಸ್ಸಿನಲ್ಲಿ ಇದ್ದದ್ದು ಪಶ್ಚಾತ್ತಾಪವಲ್ಲ, ಸೇಡು. ತನ್ನನ್ನು ಎತ್ತಿಕಟ್ಟಿ, ಕೆಲಸ ಮುಗಿದ ಮೇಲೆ ಕೈಬಿಟ್ಟವರ ಮೇಲೆ ಆತನಿಗೆ ವಿಪರೀತ ಸಿಟ್ಟು. ಹೊರಗೆ ಹೋದ ಮೇಲೆ ಅವರನ್ನೂ ಮುಗಿಸಬೇಕು ಎಂಬುದು ಆತನ ಲೆಕ್ಕಾಚಾರ. ಆಗ ಸ್ವಾಮಿ ಸದಾನಂದ ಎಂದೇ ಹೆಸರಾಗಿದ್ದ ಕ್ರೈಸ್ತ ಧರ್ಮಗುರುಗಳು ಜೈಲಿಗೆ ಹೋಗಿ ಆತನನ್ನು ಕಂಡರು. ಮೊದಲ ಭೇಟಿಗೇ ಕಲ್ಲು ಕರಗಲಿಲ್ಲ. ಅವರು ಮತ್ತೆ ಮತ್ತೆ ಹೋದರು. ಕೊನೆಗೆ 2002ರ ರಕ್ಷಾಬಂಧನದ ಸಮಯದಲ್ಲಿ ರಾಣಿ ಮರಿಯಾ ಅವರ ತಂಗಿ, ಸ್ವತಃ ಕನ್ಯಾಸ್ತ್ರೀಯಾದ ಭಗಿನಿ ಸೆಲ್ಮಿ ಪೌಲ್ ಅವರು ಜೈಲಿಗೆ ಬಂದರು. ಅಕ್ಕನನ್ನು ಇರಿದ ಅದೇ ಕೈಗೆ ರಾಖಿ ಕಟ್ಟಿದರು. ಅಣ್ಣಾ ಎಂದು ಕರೆದರು. ಮುಂದೆ ರಾಣಿ ಮರಿಯಾ ಅವರ ವೃದ್ಧ ತಾಯಿಯೂ ಆತನನ್ನು ಕಂಡು, ಮಗಳ ರಕ್ತ ಸೋಕಿದ ಕೈಗಳೆಂದು ಅವುಗಳಿಗೆ ಮುತ್ತಿಟ್ಟರು.

ಅಷ್ಟಕ್ಕೇ ಸುಮ್ಮನಾಗದೆ ಆ ಕುಟುಂಬದವರೂ ಧರ್ಮಸಭೆಯವರೂ ಆತನ ಬಿಡುಗಡೆಗಾಗಿ ಸರಕಾರಕ್ಕೆ ಮನವಿ ಮಾಡಿಕೊಂಡರು. 2006ರಲ್ಲಿ, 11 ವರ್ಷಗಳ ಸೆರೆವಾಸದ ಬಳಿಕ, ಸಮಂದರ್ ಸಿಂಗ್ ಹೊರಬಂದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು 'ಧನ್ಯೆ' ಎಂದು ಘೋಷಿಸಿದ ಸಮಾರಂಭಕ್ಕೆ ಸಾವಿರಾರು ಜನ ಸೇರಿದ್ದರು. ಅವರಲ್ಲಿ ಆಕೆಯನ್ನು ಕೊಂದವನೂ ಒಬ್ಬ.

ಕೇಳಿದವರಿಗೆ ಸಿನಿಮಾ ಕಥೆಯಂತೆ ಕಾಣಬಹುದು. ಆದರೆ 1995 ಮತ್ತು 2002ರ ನಡುವೆ 7 ವರ್ಷಗಳಿವೆ ಎಂಬುದನ್ನು ಮರೆಯಬಾರದು. ಆ ಮನೆಯವರು ಆ ವರ್ಷಗಳನ್ನು ಹೇಗೆ ಕಳೆದಿರಬೇಕು ಎಂಬುದನ್ನು ಸತ್ತವರ ಫೋಟೋಕ್ಕೆ ಹಾರ ಹಾಕಿದ ಪ್ರತಿಯೊಂದು ಮನೆಯೂ ಬಲ್ಲದು.

ಆರು ಲಕ್ಷ ಪಟ್ಟು

ಕ್ಷಮೆಯ ಬಗ್ಗೆ ಯೇಸು ಕ್ರಿಸ್ತರು ಹೇಳಿದ ಒಂದು ಸಾಮತಿ ಮತ್ತಾಯನ ಸುವಾರ್ತೆಯಲ್ಲಿದೆ. ಅದು ಪೂರ್ತಿಯಾಗಿ ಸಾಲ-ಬಾಕಿಯ ಕಥೆ. ತಪ್ಪು ಮಾಡಿದ ಸೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಶಿಷ್ಯ ಪೇತ್ರ ಕೇಳುತ್ತಾನೆ. ಲೆಕ್ಕ ಇಡಲಾಗದಷ್ಟು ಸಲ ಎಂಬ ಅರ್ಥದ ಉತ್ತರ ಬರುತ್ತದೆ. ಅದರ ಬೆನ್ನಿಗೇ ಈ ಕಥೆ.

ಒಬ್ಬ ಅರಸ ತನ್ನ ಸೇವಕರ ಲೆಕ್ಕ ನೋಡಲು ಕುಳಿತ. ಒಬ್ಬನ ಹೆಸರಿನಲ್ಲಿ 10,000 ತಲಾಂತು ಬಾಕಿ. ತೀರಿಸಲು ಅವನಲ್ಲಿ ಏನೂ ಇಲ್ಲ. ಕಾಲಿಗೆ ಬಿದ್ದು, ಸ್ವಲ್ಪ ಸಮಯ ಕೊಟ್ಟರೆ ಎಲ್ಲವನ್ನೂ ಕಟ್ಟುತ್ತೇನೆ ಎಂದು ಬೇಡಿಕೊಂಡ. ಅರಸನಿಗೆ ಕನಿಕರ ಹುಟ್ಟಿತು. ಇಡೀ ಸಾಲವನ್ನೇ ಮನ್ನಾ ಮಾಡಿ ಕಳುಹಿಸಿದ. ಹೊರಗೆ ಬಂದವನಿಗೆ ತನ್ನ ಜತೆ ಕೆಲಸ ಮಾಡುವ ಇನ್ನೊಬ್ಬ ಸಿಕ್ಕಿದ. ಅವನಿಂದ ಇವನಿಗೆ 100 ದಿನಾರಿ ಬರಬೇಕಿತ್ತು. ಅವನೂ ಅದೇ ಮಾತಿನಲ್ಲಿ ಸಮಯ ಕೇಳಿದ. ಇವನು ಕುತ್ತಿಗೆ ಪಟ್ಟಿ ಹಿಡಿದು ಜೈಲಿಗೆ ಹಾಕಿಸಿದ. ವಿಷಯ ಅರಸನ ಕಿವಿಗೆ ಬಿತ್ತು. ಮುಂದೇನಾಯಿತು ಎಂದು ಹೇಳಬೇಕಾಗಿಲ್ಲ.

ಈ ಅಂಕಿಗಳನ್ನು ಕೂಡಿ ಕಳೆದು ನೋಡಿದರೆ ಕಥೆಯ ತೂಕ ಗೊತ್ತಾಗುತ್ತದೆ. ದಿನಾರಿ ಎಂದರೆ ಆ ಕಾಲದ ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತು ಸುಮಾರು 6,000 ದಿನಾರಿಗೆ ಸಮ ಎಂಬುದು ಪಂಡಿತರ ಲೆಕ್ಕ. ಹಾಗಾದರೆ ಮೊದಲನೆಯವನ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದು, ಒಂದು ಕಾಸೂ ತಿನ್ನದೆ ಕಟ್ಟಿದರೂ ತೀರಲು 2 ಲಕ್ಷ ವರ್ಷ ಬೇಕು. ಎರಡನೆಯವನ ಸಾಲ 100 ದಿನಗಳ ಕೂಲಿ, ಅಂದರೆ ನಾಲ್ಕು ತಿಂಗಳ ದುಡಿಮೆ. ಅದೇನೂ ಸಣ್ಣ ಮೊತ್ತವಲ್ಲ. ಆದರೆ ಮನ್ನಾ ಆದದ್ದು ಅದರ 6 ಲಕ್ಷ ಪಟ್ಟು.

ಇಲ್ಲಿ ಎರಡು ಸಂಗತಿಗಳಿವೆ. ನಮಗೆ ಆದ ಅನ್ಯಾಯ ಸುಳ್ಳು ಎಂದು ಯೇಸು ಹೇಳುವುದಿಲ್ಲ. 100 ದಿನಾರಿ ನಿಜವಾಗಿಯೂ ಬರಬೇಕಾದ ಬಾಕಿಯೇ. ಎರಡನೆಯದು, ಕ್ಷಮಿಸುವವನು ಮೇಲೆ ನಿಂತು ದಾನ ಕೊಡುವ ಧಣಿಯಲ್ಲ. ಅವನೂ ಸಾಲಗಾರನೇ, ಆಗಷ್ಟೇ ಋಣಮುಕ್ತನಾಗಿ ಹೊರಬಂದವನು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಪಾಪಕ್ಕೆ ಬಳಸಿರುವ ಗ್ರೀಕ್ ಪದದ ಮೂಲ ಅರ್ಥ 'ಸಾಲ' ಎಂದೇ.

ನಷ್ಟ ಹೊರುವವರು ಯಾರು?

ಬ್ಯಾಂಕಿನ ವ್ಯವಹಾರ ತಿಳಿದವರಿಗೆ ಒಂದು ವ್ಯತ್ಯಾಸ ಗೊತ್ತು. ಬಾರದ ಸಾಲವನ್ನು ಬ್ಯಾಂಕು 'ರೈಟ್ ಆಫ್' ಮಾಡುವುದು ಬೇರೆ, ಮನ್ನಾ ಮಾಡುವುದು ಬೇರೆ. ರೈಟ್ ಆಫ್ ಎಂದರೆ ಲೆಕ್ಕಪತ್ರ ಶುಚಿಯಾಗಿ ಕಾಣಲೆಂದು ಆ ಸಾಲವನ್ನು ಪುಸ್ತಕದಿಂದ ತೆಗೆದು ಬದಿಗಿಡುವುದು ಅಷ್ಟೇ. ಸಾಲಗಾರ ಸಾಲಗಾರನಾಗಿಯೇ ಉಳಿಯುತ್ತಾನೆ, ವಸೂಲಿ ಪ್ರಯತ್ನವೂ ಮುಂದುವರಿಯುತ್ತದೆ. ಮನ್ನಾ ಎಂದರೆ ಇನ್ನು ಮುಂದೆ ಕೇಳುವ ಹಾಗಿಲ್ಲ.

ನಮ್ಮಲ್ಲಿ ಹೆಚ್ಚಿನವರ ಕ್ಷಮೆ ರೈಟ್ ಆಫ್ ಜಾತಿಯದು. 'ಆದದ್ದು ಆಗಿಹೋಯಿತು' ಎಂದು ಬಾಯಲ್ಲಿ ಹೇಳಿರುತ್ತೇವೆ. ಮನಸ್ಸಿನ ಮೂಲೆಯ ಇನ್ನೊಂದು ಪುಸ್ತಕದಲ್ಲಿ ಅದು ಬಡ್ಡಿ ಸಹಿತ ಬೆಳೆಯುತ್ತಿರುತ್ತದೆ. ಮದುವೆಯಲ್ಲೋ ಬೊಜ್ಜದಲ್ಲೋ ಎದುರಾದಾಗ ಹಳೆಯ ಫೈಲು ತಾನಾಗಿಯೇ ತೆರೆದುಕೊಳ್ಳುತ್ತದೆ.

ಇನ್ನೊಂದು ಮಾತು. ಸಾಲ ಮನ್ನಾ ಆದ ಮಾತ್ರಕ್ಕೆ ನಷ್ಟ ಮಾಯವಾಗುವುದಿಲ್ಲ. ಅದನ್ನು ಯಾರಾದರೊಬ್ಬರು ಹೊರಲೇಬೇಕು. 2008ರಲ್ಲಿ ಕೇಂದ್ರ ಸರಕಾರ ರೈತರ ಸಾಲ ಮನ್ನಾ ಮಾಡಿದಾಗ ಆ ಹೊರೆ ಸರಕಾರದ ಬೊಕ್ಕಸದ ಮೇಲೆ ಬಿತ್ತು. ಅರಸ 10,000 ತಲಾಂತು ಬಿಟ್ಟುಕೊಟ್ಟರೆ ನಷ್ಟ ಅರಸನದು. ಮನುಷ್ಯನ ಪಾಪದ ನಷ್ಟವನ್ನು ದೇವರು ತನ್ನ ಮೇಲೆಯೇ ಹಾಕಿಕೊಂಡ ಜಾಗ ಶಿಲುಬೆ ಎಂಬುದು ಕ್ರೈಸ್ತರ ನಂಬಿಕೆ. ಶುಭ ಶುಕ್ರವಾರದಂದು ಚರ್ಚುಗಳಲ್ಲಿ ನೆನೆಯುವುದು ಇದನ್ನೇ. ಪುಕ್ಕಟೆಯಾಗಿ ಸಿಗುವ ಕ್ಷಮೆ ಅಗ್ಗದ ಕ್ಷಮೆಯಲ್ಲ. ಪಡೆಯುವವನಿಗೆ ಪುಕ್ಕಟೆ, ಕೊಡುವವನಿಗೆ ಭಾರೀ ಖರ್ಚು.

ಕಾನೂನು ಬೇರೆ, ಕ್ಷಮೆ ಬೇರೆ

ಹಾಗಾದರೆ ಅಪರಾಧಿಗಳನ್ನೆಲ್ಲ ಬಿಟ್ಟುಬಿಡಬೇಕೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಗ್ಲ್ಯಾಡಿಸ್ ಸ್ಟೇನ್ಸ್ ಅವರ ಬದುಕಿನಲ್ಲಿದೆ.

ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರು 1965ರಿಂದ ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ಅವರೂ, 10 ವರ್ಷದ ಮಗ ಫಿಲಿಪ್, 6 ವರ್ಷದ ಮಗ ತಿಮೋತಿಯೂ ವಾಹನದಲ್ಲಿ ಮಲಗಿದ್ದಾಗ ಗುಂಪೊಂದು ಆ ವಾಹನಕ್ಕೆ ಬೆಂಕಿಯಿಟ್ಟಿತು. ಮೂವರೂ ಸುಟ್ಟು ಹೋದರು. ಇಡೀ ದೇಶ ತಲೆತಗ್ಗಿಸಿದ ಘಟನೆಯದು. ಪತ್ನಿ ಗ್ಲ್ಯಾಡಿಸ್ ಮತ್ತು ಮಗಳು ಎಸ್ತರ್ ಮಾತ್ರ ಉಳಿದರು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಆಕೆ, ಕೊಂದವರ ಮೇಲೆ ತನಗೆ ದ್ವೇಷವಿಲ್ಲ, ಅವರನ್ನು ಕ್ಷಮಿಸಿದ್ದೇನೆ ಎಂದರು. ಗಂಟುಮೂಟೆ ಕಟ್ಟಿ ಕೂಡಲೇ ಊರಿಗೆ ಹೊರಡಲಿಲ್ಲ. ಮತ್ತೂ 5 ವರ್ಷ ಬಾರಿಪದದಲ್ಲೇ ಉಳಿದು ರೋಗಿಗಳ ಆರೈಕೆ ನೋಡಿಕೊಂಡರು. 2004ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದರು. 2005ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿತು.

ಆದರೆ ಅವರು ಕೇಸು ಹಿಂದೆಗೆದುಕೊಳ್ಳಿ ಎನ್ನಲಿಲ್ಲ. ಕ್ಷಮೆ ತನ್ನ ಮನಸ್ಸಿಗೆ ಸೇರಿದ್ದು, ಅಪರಾಧಕ್ಕೆ ಶಿಕ್ಷೆ ಕೊಡುವುದು ಕಾನೂನಿಗೆ ಸೇರಿದ್ದು, ಎರಡನ್ನೂ ಬೆರೆಸಬಾರದು ಎಂಬುದು ಅವರ ನಿಲುವಾಗಿತ್ತು. ಮುಖ್ಯ ಆರೋಪಿಗೆ 2003ರಲ್ಲಿ ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು. 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನೇ ಎತ್ತಿಹಿಡಿಯಿತು. ಕೋರ್ಟು ತನ್ನ ಕೆಲಸ ಮಾಡಿತು. ಆ ತಾಯಿ ತನ್ನ ಕೆಲಸವನ್ನು ಅದಕ್ಕೂ ಎಷ್ಟೋ ಮೊದಲೇ ಮಾಡಿ ಮುಗಿಸಿದ್ದರು.

ಸಮಂದರ್ ಸಿಂಗ್‌ನ ಪ್ರಕರಣದಲ್ಲೂ ಆತ 11 ವರ್ಷ ಶಿಕ್ಷೆ ಅನುಭವಿಸಿದ್ದ. ಕ್ಷಮೆ ಎಂದರೆ ತಪ್ಪನ್ನು ಸರಿ ಎನ್ನುವುದಲ್ಲ. ದಿನಾ ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು 'ಕ್ಷಮಿಸಿ ಹೋಗಮ್ಮ' ಎಂದು ಅಟ್ಟುವುದೂ ಕ್ಷಮೆಯಲ್ಲ. ಏಟು ತಿಂದವರು ದೂರ ಸರಿದು ನಿಂತು, ದೂರು ಕೊಟ್ಟು, ಮನಸ್ಸಿನಿಂದ ವಿಷ ತೆಗೆದುಹಾಕಿಕೊಳ್ಳುವುದು ಸಾಧ್ಯ. ಈ ವ್ಯತ್ಯಾಸ ತಿಳಿಯದೆ ಉಪದೇಶ ಮಾಡುವವರಿಂದ ಕ್ಷಮೆ ಎಂಬ ಪದಕ್ಕೇ ಕೆಟ್ಟ ಹೆಸರು ಬಂದಿದೆ.

ಕೈ ಮೇಲೇಳದ ಗಳಿಗೆ

ಮನಸ್ಸು ಒಪ್ಪದಿದ್ದರೆ? ಹಾಲೆಂಡಿನ ಕೊರ‍್ರಿ ಟೆನ್ ಬೂಮ್ ಅವರ ಅನುಭವ ಇಲ್ಲಿ ನೆನಪಾಗುತ್ತದೆ. ಹಾರ್ಲೆಮ್ ಪಟ್ಟಣದ ಈ ಗಡಿಯಾರ ರಿಪೇರಿಯ ಕುಟುಂಬ ಎರಡನೇ ಮಹಾಯುದ್ಧದ ಕಾಲದಲ್ಲಿ ಯೆಹೂದಿಗಳನ್ನು ತಮ್ಮ ಮನೆಯಲ್ಲಿ ಅಡಗಿಸಿಟ್ಟಿತ್ತು. 1944ರ ಫೆಬ್ರವರಿಯಲ್ಲಿ ನಾಜಿಗಳು ಎಲ್ಲರನ್ನೂ ಬಂಧಿಸಿದರು. ವೃದ್ಧ ತಂದೆ ಹತ್ತೇ ದಿನಗಳಲ್ಲಿ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ವರ್ಷದ ಡಿಸೆಂಬರಿನಲ್ಲಿ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಪ್ರಾಣಬಿಟ್ಟರು. ಕೊರ‍್ರಿ ಬದುಕಿ ಬಂದು ಊರೂರಲ್ಲಿ ಕ್ಷಮೆಯ ಕುರಿತು ಭಾಷಣ ಮಾಡತೊಡಗಿದರು.

1947ರಲ್ಲಿ ಮ್ಯೂನಿಕ್‌ನ ಚರ್ಚೊಂದರಲ್ಲಿ ಭಾಷಣ ಮುಗಿದ ಮೇಲೆ ಒಬ್ಬ ವ್ಯಕ್ತಿ ಮುಂದೆ ಬಂದ. ಅವನು ಅದೇ ಶಿಬಿರದ ಕಾವಲುಗಾರನಾಗಿದ್ದವನು. ದೇವರು ತನ್ನನ್ನು ಕ್ಷಮಿಸಿದ್ದಾನೆ, ನೀವೂ ಕ್ಷಮಿಸುವಿರಾ ಎಂದು ಕೈಚಾಚಿದ. ಆಗತಾನೇ ವೇದಿಕೆಯಿಂದ ಕ್ಷಮೆ ಬೋಧಿಸಿ ಇಳಿದ ಕೊರ‍್ರಿ ಅವರ ಕೈ ಮೇಲೇಳಲಿಲ್ಲ. ಮನಸ್ಸಿನಲ್ಲಿ ಒಂದಿಷ್ಟೂ ಪ್ರೀತಿ ಇರಲಿಲ್ಲ. ನನ್ನಿಂದ ಕೈ ಎತ್ತುವುದಷ್ಟೇ ಸಾಧ್ಯ, ಉಳಿದದ್ದನ್ನು ನೀನೇ ಕೊಡು ಎಂದು ಒಳಗೊಳಗೇ ಪ್ರಾರ್ಥಿಸಿ ಕೈ ಮುಂದೆ ಮಾಡಿದರು. ಪ್ರೀತಿ ಬಂದದ್ದು ಕೈ ಹಿಡಿದ ಮೇಲೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮನಸ್ಸು ತಣ್ಣಗಾದ ಮೇಲೆ ಕ್ಷಮಿಸೋಣ ಎಂದು ಕಾಯುವವರು ಇದನ್ನು ಗಮನಿಸಬೇಕು.

ಯೋಗ್ಯತೆ ಯಾರು ಕೊಡುವುದು?

ಇದು ಕ್ಷಮಿಸುವವರ ಮಾತಾಯಿತು. ಕ್ಷಮೆ ಪಡೆದವನ ಪಾಡೇನು? ಅನೇಕರ ಕಷ್ಟ ಇರುವುದು ಇಲ್ಲೇ. ದೇವರು ಕ್ಷಮಿಸಿದ್ದಾನೆ ಎಂದು ಬಾಯಲ್ಲಿ ಹೇಳಿದರೂ ನಾನು ಅದಕ್ಕೆ ಯೋಗ್ಯನೇ ಎಂಬ ಕೊರಗು ಬಿಡುವುದಿಲ್ಲ.

ಜರ್ಮನಿಯ ಮಾರ್ಟಿನ್ ಲೂಥರ್ ಈ ಕೊರಗಿನಲ್ಲಿ ಬೆಂದವರು. 1505ರಲ್ಲಿ ಎರ್ಫುರ್ಟ್‌ನ ಮಠ ಸೇರಿದ ಅವರು ಪಾಪ ನಿವೇದನೆಗೆ ಕುಳಿತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಸಣ್ಣಪುಟ್ಟದ್ದನ್ನೂ ಹೆಕ್ಕಿ ಹೆಕ್ಕಿ ಹೇಳಿ, ಎದ್ದು ಹೋದ ಮೇಲೆ ಇನ್ನೊಂದು ನೆನಪಾಗಿ ಮತ್ತೆ ಬರುತ್ತಿದ್ದರು. ಕೇಳುವ ಗುರುಗಳಿಗೇ ಸಾಕುಸಾಕಾಗುತ್ತಿತ್ತು. ಕೊನೆಗೆ ಬೈಬಲಿನ ಅಧ್ಯಯನದಲ್ಲಿ ಅವರಿಗೆ ಹೊಳೆದದ್ದು, ದೇವರ ಮುಂದೆ ನಿಲ್ಲುವ ಯೋಗ್ಯತೆ ಸಂಪಾದನೆಯಲ್ಲ, ಕೊಡುಗೆ ಎಂಬುದು. ಅದೇ ಕಾಲದಲ್ಲಿ ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆಂದು ಹಣ ಪಡೆದು ದಂಡನೆಯ ಮಾಫಿಪತ್ರಗಳನ್ನು ಕೊಡಲಾಗುತ್ತಿತ್ತು. ಕ್ಷಮೆಗೂ ರಸೀದಿ! ಇದನ್ನು ಪ್ರಶ್ನಿಸಿ 1517ರ ಅಕ್ಟೋಬರ್ 31ರಂದು ಲೂಥರ್ ತಮ್ಮ 95 ವಾದಗಳನ್ನು ಮುಂದಿಟ್ಟರು. ಮುಂದೆ ಕ್ಯಾಥೋಲಿಕ್ ಸಭೆಯೂ ಆ ಮಾರಾಟಕ್ಕೆ ತೆರೆ ಎಳೆಯಿತು. ಆದರೆ ಒಡೆದ ಸಭೆ ಒಂದಾಗಲಿಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಕ್ಯಾಥೋಲಿಕರೂ ಲೂಥರನ್ನರೂ ಸೇರಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಮನುಷ್ಯ ದೇವರಿಗೆ ಒಪ್ಪಿಗೆಯಾಗುವುದು ತನ್ನ ಅರ್ಹತೆಯಿಂದಲ್ಲ, ದೇವರ ಕೃಪೆಯಿಂದ ಎಂಬುದೇ ಅದರ ತಿರುಳು. ಸುಮಾರು 480 ವರ್ಷಗಳ ಜಗಳದ ಮೂಲದಲ್ಲಿದ್ದದ್ದು ಇದೇ ಯೋಗ್ಯತೆಯ ಪ್ರಶ್ನೆ.

ಕ್ಯಾಥೋಲಿಕ್ ಬಲಿಪೂಜೆಯಲ್ಲಿ ಪಾಲ್ಗೊಂಡವರು ಒಂದು ವಿಷಯ ಗಮನಿಸಿರಬಹುದು. ಪರಮ ಪ್ರಸಾದಕ್ಕೆ ಮೊದಲು ಇಡೀ ಸಭೆ ತಾನು ಯೋಗ್ಯನಲ್ಲ ಎಂದು ಒಟ್ಟಿಗೆ ಹೇಳುತ್ತದೆ. ಆ ಮಾತು ಕಪೆರ್ನೌಮಿನ ರೋಮನ್ ಶತಾಧಿಪತಿಯದು. ಕಾಯಿಲೆ ಬಿದ್ದ ಸೇವಕನಿಗಾಗಿ ಯೇಸುವನ್ನು ಬೇಡಿಕೊಂಡ ಆತ, ತನ್ನ ಮನೆಗೆ ಅವರು ಕಾಲಿಡುವಷ್ಟು ತಾನು ದೊಡ್ಡವನಲ್ಲ ಎಂದಿದ್ದ. ವಿಶೇಷವೆಂದರೆ, ಯೋಗ್ಯನಲ್ಲ ಎಂದು ಹೇಳಿದ ಜನ ಮನೆಗೆ ಹಿಂದಿರುಗುವುದಿಲ್ಲ. ಅದೇ ಸಾಲಿನಲ್ಲಿ ಮುಂದೆ ಹೋಗಿ ಪ್ರಸಾದ ಸ್ವೀಕರಿಸುತ್ತಾರೆ. ಅಯೋಗ್ಯತೆಯನ್ನು ಒಪ್ಪಿಕೊಂಡದ್ದೇ ಮುಂದೆ ಹೋಗುವ ಚೀಟಿಯಾಗುತ್ತದೆ.

ಲೂಕನ ಸುವಾರ್ತೆಯ ಕಿರಿಯ ಮಗನ ಕಥೆ ಎಲ್ಲರಿಗೂ ಗೊತ್ತು. ಪಾಲು ಕೇಳಿ ಪಡೆದು, ದೂರದ ಊರಿನಲ್ಲಿ ದುಂದು ಮಾಡಿ, ಹಂದಿ ಮೇಯಿಸುವ ಸ್ಥಿತಿಗೆ ಬಂದ. ಮನೆಗೆ ಹೊರಡುವಾಗ ದಾರಿಗೆಂದು ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡ. ಮಗ ಎನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ, ಕೂಲಿಯಾಳಾಗಿ ಇಟ್ಟುಕೋ ಎಂದು. ಅಪ್ಪ ದೂರದಿಂದಲೇ ಕಂಡು ಓಡಿ ಬಂದು ಅಪ್ಪಿಕೊಂಡ. ಮಗ ಯೋಗ್ಯತೆ ಇಲ್ಲ ಎಂಬಲ್ಲಿವರೆಗೆ ಹೇಳಿದ. ಕೂಲಿಯಾಳಿನ ಮಾತು ಬರುವಷ್ಟರಲ್ಲಿ ಅಪ್ಪ ಬಟ್ಟೆ, ಉಂಗುರ, ಚಪ್ಪಲಿ ತರಿಸಿಯಾಗಿತ್ತು. ಕೂಲಿ ಮಾಡಿ ತೀರಿಸುತ್ತೇನೆ ಎಂಬ ಮಗನ ಯೋಜನೆಯನ್ನು ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಮಗನಿಗೆ ಯೋಗ್ಯತೆ ಬಂದದ್ದು ಅಪ್ಪನಿಂದ.

ಸಿಟ್ಟು ಬಂದದ್ದು ಹಿರಿಯವನಿಗೆ. ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ಆತ ಲೆಕ್ಕ ಒಪ್ಪಿಸಿದ. ಊರಿನಲ್ಲಿ ಉಳಿದು ತಂದೆತಾಯಿಯನ್ನು ನೋಡಿಕೊಂಡ ಅಣ್ಣಂದಿರಿಗೂ, ಮುಂಬಯಿಯಿಂದ ಮನಿಯಾರ್ಡರ್ ಕಳುಹಿಸಿದ ತಮ್ಮಂದಿರಿಗೂ ಈ ಲೆಕ್ಕದ ನೋವು ಹೊಸತಲ್ಲ. ಕಥೆ ಅಲ್ಲಿಗೇ ನಿಲ್ಲುತ್ತದೆ. ಹಿರಿಯವನು ಒಳಗೆ ಹೋದನೋ ಇಲ್ಲವೋ ಎಂದು ಯೇಸು ಹೇಳಲಿಲ್ಲ.

ಕ್ಷಮೆ ಪಡೆದ ಮೇಲೆ

ಪುಕ್ಕಟೆ ಸಿಕ್ಕಿದ ಮೇಲೆ ಮನುಷ್ಯ ಸಸಾರ ಮಾಡುವುದಿಲ್ಲವೇ? ಮಾಡುವುದೂ ಉಂಟು. ಆದರೆ ನಿಜವಾಗಿ ಪಡೆದವನ ಬದುಕು ತಿರುಗಲೇಬೇಕು. ಜೆರಿಕೋದ ಸುಂಕದವ ಜಕ್ಕಾಯನ ಮನೆಗೆ ಯೇಸು ತಾವಾಗಿಯೇ ಊಟಕ್ಕೆ ಹೋದರು. ಮೊದಲು ಹಣ ಹಿಂದಿರುಗಿಸು, ಆಮೇಲೆ ಬರುತ್ತೇನೆ ಎನ್ನಲಿಲ್ಲ. ಆತನೇ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ಪಡೆದದ್ದಕ್ಕೆ ನಾಲ್ಕು ಪಟ್ಟು ವಾಪಸು ಎಂದು ಘೋಷಿಸಿದ.

ಇಂಗ್ಲೆಂಡಿನ ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದರು. 1748ರ ಬಿರುಗಾಳಿಯಲ್ಲಿ ದೇವರನ್ನು ಕೂಗಿ ಬದುಕುಳಿದರೂ ಆ ದಂಧೆ ಬಿಟ್ಟದ್ದು 1754ರಲ್ಲಿ, ಅದೂ ಆರೋಗ್ಯ ಕೆಟ್ಟಾಗ. ಮುಂದೆ ಪಾದ್ರಿಯಾಗಿ, ಲೋಕಪ್ರಸಿದ್ಧವಾದ 'ಅಮೇಝಿಂಗ್ ಗ್ರೇಸ್' ಗೀತೆ ಬರೆದರು. ತಾವು ಮಾಡಿದ ದಂಧೆಯ ಕ್ರೌರ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡು ಪುಸ್ತಿಕೆ ಪ್ರಕಟಿಸಿದ್ದು 1788ರಲ್ಲಿ. ಕಣ್ಣು ತೆರೆಯಲು 40 ವರ್ಷ ಬೇಕಾಯಿತು. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ಅವರು ತೀರಿಕೊಂಡರು. ಕ್ಷಮೆ ಒಂದು ದಿನದಲ್ಲಿ ಸಿಗಬಹುದು. ಅದಕ್ಕೆ ತಕ್ಕಂತೆ ಬದುಕಲು ಒಂದು ಆಯುಷ್ಯವೇ ಬೇಕಾದೀತು.

ನಮ್ಮ ಅಂಗಳದಲ್ಲಿ

ಕರಾವಳಿಯಿಂದ ಬಂದ ಮುಂಬಯಿ ಕನ್ನಡಿಗರಿಗೆ ಚರ್ಚಿನ ಗಂಟೆ ಅಪರಿಚಿತವಲ್ಲ. ಮಾಹಿಮ್ ಚರ್ಚಿನ ಬುಧವಾರದ ನೊವೆನಾಕ್ಕೆ ಜಾತಿ ಮತ ನೋಡದೆ ಜನ ಮೇಣದಬತ್ತಿ ಹಿಡಿದು ಸಾಲು ನಿಲ್ಲುತ್ತಾರೆ. ಕ್ಷಮೆ ಕೇಳುವ ಸಂಪ್ರದಾಯ ಒಂದು ಧರ್ಮದ ಸ್ವತ್ತೂ ಅಲ್ಲ. ಪರ್ಯೂಷಣ ಮುಗಿದಾಗ 'ಮಿಚ್ಛಾಮಿ ದುಕ್ಕಡಂ' ಎಂದು ಕೈಮುಗಿಯುವ ಜೈನ ನೆರೆಯವರನ್ನು ಈ ನಗರದಲ್ಲಿ ಎಲ್ಲರೂ ಕಂಡಿದ್ದಾರೆ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ನಡೆದ ಬಾಹುಬಲಿ ನಮ್ಮ ಶ್ರವಣಬೆಳಗೊಳದಲ್ಲೇ ನಿಂತಿದ್ದಾನೆ.

ಹಾಗಿದ್ದೂ ಊರಿನ ಹತ್ತು ಸೆಂಟ್ಸ್ ಜಾಗಕ್ಕಾಗಿ ಅಣ್ಣ ತಮ್ಮಂದಿರು ಇಪ್ಪತ್ತು ವರ್ಷ ಕೋರ್ಟು ಅಲೆಯುವುದು ತಪ್ಪಿಲ್ಲ. ಮಹಾಸಭೆಯಲ್ಲಿ ಯಾರೋ ಆಡಿದ ಒಂದು ಮಾತಿಗೆ ಸಂಘವೇ ಎರಡಾದ ಉದಾಹರಣೆಗಳಿಗೂ ಕೊರತೆಯಿಲ್ಲ. ಅಧ್ಯಕ್ಷಗಿರಿ ಹೋಗಿ ವರ್ಷಗಳಾದರೂ ವಾರ್ಷಿಕೋತ್ಸವಕ್ಕೆ ಕಾಲಿಡದವರಿದ್ದಾರೆ. ಎಲ್ಲವೂ 100 ದಿನಾರಿಯ ಬಾಕಿಗಳೇ. ನಿಜವಾದ ಬಾಕಿಗಳೇ ಇರಬಹುದು. ಆದರೆ ಎದುರು ಪುಟದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಬರೆದಿತ್ತು, ಅದನ್ನು ಯಾರು ಯಾರು ಸದ್ದಿಲ್ಲದೆ ಹೊಡೆದುಹಾಕಿದರು ಎಂಬುದನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ತಾಯಿ ಬಿಟ್ಟದ್ದೆಷ್ಟು, ಹೆಂಡತಿ ನುಂಗಿಕೊಂಡದ್ದೆಷ್ಟು, ಮೊದಲ ಬಾರಿಗೆ ಮುಂಬಯಿಗೆ ಬಂದಾಗ ಚಾಳಿನ ಖೋಲಿಯಲ್ಲಿ ಮಲಗಲು ಜಾಗ ಕೊಟ್ಟವರು ಮರೆತದ್ದೆಷ್ಟು!

ಬಡ್ಡಿಯ ಬಲೆಯಿಂದ ಬಡವರನ್ನು ಬಿಡಿಸಲು ಹೋಗಿ ರಾಣಿ ಮರಿಯಾ ಪ್ರಾಣ ಕಳೆದುಕೊಂಡರು. ಅವರ ಮನೆಯವರು ತಮಗೆ ಬರಬೇಕಾಗಿದ್ದ ಅತಿ ದೊಡ್ಡ ಬಾಕಿಯನ್ನೇ ಬಿಟ್ಟುಕೊಟ್ಟರು. ಜೈಲಿನಿಂದ ಹೊರಬಂದ ಸಮಂದರ್ ಸಿಂಗ್ ತಾನು ಹಾಕಿಕೊಂಡಿದ್ದ ಸೇಡಿನ ಲೆಕ್ಕವನ್ನು ಬದಿಗೊತ್ತಿ, ಉದಯನಗರದಲ್ಲಿರುವ ಆಕೆಯ ಸಮಾಧಿಗೆ ಹೋಗಿ ತಲೆಬಾಗಿದ. ತನಗೆ ಚೂರಿ ಹಿಡಿಸಿದವರ ಮನೆಗೆ ಆತ ಹೋಗಲಿಲ್ಲ. ಒಂದು ಮನ್ನಾ ಇನ್ನೊಂದು ಕೊಲೆಯನ್ನು ತಡೆಯಿತು. ರಾಖಿಯ ಒಂದು ದಾರಕ್ಕೆ ಅಷ್ಟು ಶಕ್ತಿ ಇದೆ ಎಂದಾದರೆ, ಈ ಬಾರಿ ಊರಿಗೆ ಹೋದಾಗ ಮಾತುಬಿಟ್ಟ ಮನೆಯ ಬಾಗಿಲು ತಟ್ಟುವುದು ಅಷ್ಟೇನೂ ಕಷ್ಟವಾಗಲಾರದು.